ಚಿತ್ರ ಬಿಡಿಸಲು ಬಾರದವರು ಕೊಲಾಜ್ ದಿನಚರಿಯಿಂದ ತಮ್ಮನ್ನು ತಾವು ಕಂಡುಕೊಳ್ಳಬಹುದೇ?

ತಾಯಿ ತೀರಿಕೊಂಡ ಮೇಲೆ ಜಪಕ್ಕೆ ಕುಳಿತರೂ ಮನಸ್ಸು ನಿಲ್ಲುತ್ತಿಲ್ಲ, ಚಿತ್ರ ಬಿಡಿಸಲು ಬರುವುದಿಲ್ಲ, ಪತ್ರಿಕೆಗಳ ಚಿತ್ರಗಳನ್ನು ಕತ್ತರಿಸಿ ನೋಟ್‌ಬುಕ್ಕಿನಲ್ಲಿ ಅಂಟಿಸುವ ಕೊಲಾಜ್ ದಿನಚರಿಯಲ್ಲಿ ಏನಾದರೂ ಅರ್ಥ ಸಿಕ್ಕೀತೇ, ಇಲ್ಲವೇ ಅದು ಬರೀ ಹೊತ್ತು ಕಳೆಯುವ ಕೆಲಸವೇ ಎಂದು ಕೇಳಿದ್ದೀರಿ. ಹಲವು ವರ್ಷಗಳಿಂದ ಇಂಥ ದಿನಚರಿ ಇಟ್ಟುಕೊಂಡು ಬಂದಿರುವ ನನ್ನ ಅನುಭವದಲ್ಲಿ ಅರ್ಥ ಸಿಗುತ್ತದೆ; ಆದರೆ ಅಂಟಿಸಿ ಮುಗಿಸಿದ ಪುಟದ ಎದುರು ಕುಳಿತು ಬರೆಯತೊಡಗಿದಾಗಲೇ ಅದು ಬಾಯಿಬಿಡುತ್ತದೆ. ಬರೆಯುವುದನ್ನು ಬಿಟ್ಟವರಿಗೆ ಅದು ಹೊತ್ತು ಕಳೆಯುವ ಕೆಲಸವಾಗಿಯೇ ಉಳಿಯಬಹುದು, ಅದರಲ್ಲಿ ತಪ್ಪೇನೂ ಇಲ್ಲ.

ನಾನು ಅನುಸರಿಸುವ ಕ್ರಮದ ಮೂಲ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ಅಲ್ಲಿ ಮನಶ್ಚಿಕಿತ್ಸಕಿಯಾಗಿದ್ದ ಸೀನಾ ಫ್ರಾಸ್ಟ್ ಅವರು 1980ರ ದಶಕದ ಕೊನೆಯ ಹೊತ್ತಿಗೆ ‘ಸೋಲ್‌ಕೊಲಾಜ್’ ಎಂಬ ಪದ್ಧತಿಯನ್ನು ರೂಪಿಸಿದರು. 5 ಇಂಚು ಅಗಲ, 8 ಇಂಚು ಉದ್ದದ ರಟ್ಟಿನ ಮೇಲೆ ಚಿತ್ರಗಳನ್ನು ಅಂಟಿಸಿ, ಒಳಗಿನ ಒಂದೊಂದು ದನಿಗೂ ಬದುಕಿನಲ್ಲಿ ಮುಖ್ಯರಾದ ಒಬ್ಬೊಬ್ಬರಿಗೂ ಒಂದೊಂದು ಕಾರ್ಡು ಮಾಡಿಕೊಂಡು, ಆ ಬಳಿಕ ಚಿತ್ರವೇ ‘ನಾನು ಇಂಥವಳು’ ಎಂದು ಹೇಳಿಕೊಳ್ಳುವಂತೆ ಬರೆಯುವುದು ಅದರ ತಿರುಳು. ನಾನು ಕಾರ್ಡಿನ ಬದಲು ನೋಟ್‌ಬುಕ್ಕಿನ ಎಡಪುಟಕ್ಕೆ ಚಿತ್ರವನ್ನೂ ಬಲಪುಟಕ್ಕೆ ಬರಹವನ್ನೂ ಇಟ್ಟುಕೊಂಡಿದ್ದೇನೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ‘ಶಾಂತಿ’ ಎಂದೋ ‘ಅಮ್ಮ’ ಎಂದೋ ವಿಷಯವನ್ನು ಮೊದಲೇ ಗೊತ್ತುಮಾಡಿಕೊಂಡು ಅದಕ್ಕೆ ತಕ್ಕ ಚಿತ್ರ ಹುಡುಕಹೊರಟರೆ, ನಮಗೆ ಈಗಾಗಲೇ ತಿಳಿದದ್ದೇ ಪುಟದ ಮೇಲೆ ಬಂದು ಕೂರುತ್ತದೆ. ಹಳೆಯ ವಾರಪತ್ರಿಕೆಗಳನ್ನು ತಿರುವಿಹಾಕುತ್ತಾ, ಕಾರಣ ಕೇಳದೆ, ಕಣ್ಣು ನಿಂತ ಚಿತ್ರಗಳನ್ನು ಮಾತ್ರ ಎತ್ತಿಕೊಳ್ಳಿ. ಒಮ್ಮೆ ನನ್ನ ಕೈ ಒಂದು ಒರಳುಕಲ್ಲನ್ನೂ ಒಂದು ರೈಲು ನಿಲ್ದಾಣವನ್ನೂ ಆರಿಸಿತ್ತು. ಒರಳಿನ ದನಿಯಲ್ಲಿ ಬರೆದಾಗ ಬಂದದ್ದು: ‘ನಾನು ಕುಳಿತಲ್ಲೇ ಕುಳಿತವಳು, ಎಲ್ಲರೂ ಬಂದು ಅರೆದುಕೊಂಡು ಹೋದರು.’ ಭಕ್ತಿಯೋ ಸಮಾಧಾನವೋ ಮೂಡೀತೆಂದು ಕಾದಿದ್ದವಳಿಗೆ ಸಿಕ್ಕಿದ್ದು ಹಳೆಯ ಸಿಟ್ಟು. ಆದರೆ ಅದು ಸಿಟ್ಟು ಎಂದು ತಿಳಿದ ಮೇಲೆ ಪ್ರಾರ್ಥನೆಗೆ ಕೂರುವುದು ಸುಲಭವಾಯಿತು, ಏಕೆಂದರೆ ಅಲ್ಲಿ ಬಚ್ಚಿಡಬೇಕಾದ್ದು ಏನೂ ಉಳಿಯಲಿಲ್ಲ.

ಅಧ್ಯಾತ್ಮದ ನಂಟು ನನಗೆ ಕಂಡದ್ದು ಇದರ ಇನ್ನೊಂದು ಮಗ್ಗುಲಲ್ಲಿ. ಫ್ರಾಸ್ಟ್ ಅವರ ಪದ್ಧತಿಯಲ್ಲಿ ಉಳಿದವುಗಳಿಂದ ಬೇರೆಯಾಗಿ ನಿಲ್ಲುವ ಮೂರು ಕಾರ್ಡುಗಳಿವೆ. ಅವುಗಳಲ್ಲಿ ಒಂದು, ಎಲ್ಲ ದನಿಗಳನ್ನೂ ಪಕ್ಷ ವಹಿಸದೆ ನೋಡುವ ಸಾಕ್ಷಿಯದು. ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲಿನ ಎರಡು ಹಕ್ಕಿಗಳಲ್ಲಿ ಒಂದು ಹಣ್ಣು ತಿನ್ನುತ್ತಿದ್ದರೆ ಇನ್ನೊಂದು ತಿನ್ನದೆ ಸುಮ್ಮನೆ ನೋಡುತ್ತಿರುತ್ತದಲ್ಲವೇ, ಆ ಎರಡನೆಯ ಹಕ್ಕಿಯ ಬಗ್ಗೆ ನಾನು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೆ. ಒರಳಿನ ಸಿಟ್ಟನ್ನು ಬರೆದು, ಮರುದಿನ ಅದನ್ನೇ ಓದುತ್ತಾ ಕುಳಿತಾಗ, ಓದುತ್ತಿರುವವಳು ಯಾರು ಎಂಬ ಪ್ರಶ್ನೆ ಮೊದಲ ಬಾರಿಗೆ ನನ್ನದೇ ಪ್ರಶ್ನೆಯಾಯಿತು.

ಮನಸ್ಸು ನಿಲ್ಲದಿರುವುದರ ಬಗ್ಗೆ ಹೇಳುವುದಾದರೆ, ಇಂಗ್ಲೆಂಡಿನ ಮೇರಿ ಡಿಲೇನಿ ನನಗೆ ನೆನಪಾಗುತ್ತಾರೆ. 1768ರಲ್ಲಿ ಪತಿಯನ್ನು ಕಳೆದುಕೊಂಡ ಆಕೆ 1772ರಲ್ಲಿ, 72ನೆಯ ವಯಸ್ಸಿನಲ್ಲಿ, ಬಣ್ಣದ ಕಾಗದದ ಚೂರುಗಳಿಂದ ಹೂವುಗಳನ್ನು ಮಾಡತೊಡಗಿ, ದೃಷ್ಟಿ ಕುಂದುವವರೆಗೆ ಸಾವಿರಕ್ಕೆ ಸಮೀಪ ಹೂವುಗಳನ್ನು ಮಾಡಿದರು. ಅವು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನಿಜವಾದ ಗಿಡವನ್ನು ಮುಂದಿಟ್ಟುಕೊಂಡು ಒಂದೊಂದು ಕೇಸರವನ್ನೂ ಕತ್ತರಿಸಿದ ಆ ಕೈಗೆ ಬೇರೆ ಜಪಮಾಲೆ ಬೇಕಿತ್ತೆಂದು ನನಗೆ ಅನ್ನಿಸುವುದಿಲ್ಲ.

ಸಾಮಗ್ರಿಗೆ ಹೆಚ್ಚು ಖರ್ಚು ಬೇಡ. ನೀರಿನಂಶದ ಅಂಟು ತೆಳು ಕಾಗದವನ್ನು ಸುಕ್ಕಾಗಿಸುತ್ತದೆ, ಅಂಟುಕಡ್ಡಿ ಮೇಲು. ಪುಸ್ತಕ ಉಬ್ಬದಂತೆ ನಡುನಡುವೆ ಕೆಲವು ಹಾಳೆಗಳನ್ನು ಕಿತ್ತುಬಿಡಿ. ಯಂತ್ರದಿಂದ ಬರುವ ಬಸ್ ಟಿಕೆಟ್ಟುಗಳ ಅಕ್ಷರ ಕಾಲಕ್ರಮದಲ್ಲಿ ಅಳಿಸಿಹೋಗುವುದರಿಂದ ಅವುಗಳ ಜೆರಾಕ್ಸ್ ಅಂಟಿಸಿ. ತಾಯಿಯವರ ಫೋಟೋ, ಪತ್ರಗಳಿಗೂ ಇದೇ ಮಾತು, ಮೂಲಕ್ಕೆ ಕತ್ತರಿ ತಾಗಿಸಬೇಡಿ. ಕ್ಯಾಲೆಂಡರಿನ, ಲಗ್ನಪತ್ರಿಕೆಯ ದೇವರ ಚಿತ್ರ ಕತ್ತರಿಸಬಹುದೇ ಎಂಬ ಅಳುಕು ನಮ್ಮಲ್ಲಿ ಅನೇಕರಿಗೆ ಇರುತ್ತದೆ. ನಾನು ದೇವರ ಮುಖಕ್ಕೆ ಕತ್ತರಿ ಹಾಕುವುದಿಲ್ಲ. ತಾವರೆ, ನವಿಲು, ದೀಪದ ಕಂಬಗಳನ್ನು ತೆಗೆದುಕೊಳ್ಳುತ್ತೇನೆ. ಇದು ಶಾಸ್ತ್ರವಲ್ಲ, ನನ್ನ ಮನಸ್ಸಿನ ಗಡಿ, ನಿಮ್ಮದು ಬೇರೆಯಿರಬಹುದು.

ಈ ಪುಟಗಳನ್ನು ಯಾರಿಗೂ ತೋರಿಸಬೇಕಿಲ್ಲ. ಸೋಲ್‌ಕೊಲಾಜ್ ಕಾರ್ಡುಗಳನ್ನು ಮಾರುವಂತಿಲ್ಲ ಎಂಬುದು ಆ ಪದ್ಧತಿಯ ನಿಯಮವೇ ಆಗಿದೆ, ಮತ್ತು ಮೆಚ್ಚುಗೆಗಾಗಿ ಮಾಡಿದ ಪುಟ ಬೇಗ ಅಂದವಾಗಿಬಿಡುತ್ತದೆ, ಸುಳ್ಳೂ ಆಗಿಬಿಡುತ್ತದೆ. ಆದರೆ ಬರೆದಷ್ಟೂ ದುಃಖ ಹೆಚ್ಚುತ್ತಿದ್ದರೆ, ನಿದ್ರೆ ಊಟ ತಪ್ಪುತ್ತಿದ್ದರೆ, ನೋಟ್‌ಬುಕ್ಕನ್ನು ಪಕ್ಕಕ್ಕಿಟ್ಟು ಆಪ್ತಸಮಾಲೋಚಕರನ್ನು ಕಾಣಿರಿ. ಅವರ ಬಳಿ ಮಾತು ಹೊರಡದಿದ್ದರೆ, ಒಂದೆರಡು ಪುಟಗಳನ್ನು ಅವರಿಗೆ ಮಾತ್ರ ತೋರಿಸಬಹುದು.