ಮಿಸಿಸಿಪಿಯ ಆಕ್ಸ್‌ಫರ್ಡಿಗೆ ಹೊರಟಿರುವ ತಂಗಿಗೆ

ಪ್ರಿಯ ತಂಗಿ,

ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಿದೆಯೆಂದೂ ಆಗಸ್ಟ್‌ನಲ್ಲಿ ದಾವಣಗೆರೆಯಿಂದ ಹೊರಡುವುದೆಂದೂ ಬರೆದಿದ್ದೀರಿ. ಕಪ್ಪು ವರ್ಣದ ವಿದ್ಯಾರ್ಥಿಯೊಬ್ಬ ಸೇರಿದ್ದಕ್ಕೆ 1962ರಲ್ಲಿ ಅಲ್ಲಿ ಗಲಭೆಯಾಗಿ ಹೆಣಗಳು ಬಿದ್ದ ಸಂಗತಿಯನ್ನು ಓದಿ ನಿಮ್ಮ ತಂದೆಯವರು ಗಾಬರಿಯಾಗಿದ್ದಾರೆಂದೂ ತಿಳಿಸಿದ್ದೀರಿ. ಆ ಊರಿನವರು ನಮ್ಮ ಬಣ್ಣದವರನ್ನು ಹೇಗೆ ಕಾಣುತ್ತಾರೆ, ಹೊರಗಿನಿಂದ ಹೋದವರು ಅಲ್ಲಿನ ವಿದ್ಯಾರ್ಥಿ ಪತ್ರಿಕೆಯಲ್ಲಿ ಮನಸ್ಸು ಬಿಚ್ಚಿ ಬರೆಯಬಹುದೇ ಎಂಬುವು ನಿಮ್ಮ ಎರಡು ಪ್ರಶ್ನೆಗಳು. ನಾನು ಆಕ್ಸ್‌ಫರ್ಡ್‌ನಲ್ಲಿ ನಾಲ್ಕು ವರ್ಷ ಇದ್ದು, ಈಗ ಅಲ್ಲಿಂದ ಸುಮಾರು 130 ಕಿಲೋಮೀಟರ್ ಉತ್ತರಕ್ಕಿರುವ ಮೆಂಫಿಸ್‌ನಲ್ಲಿ ನೆಲೆಸಿದ್ದೇನೆ. ನಿಮ್ಮ ಎರಡೂ ಪ್ರಶ್ನೆಗಳಿಗೆ ಆ ವಿದ್ಯಾರ್ಥಿ ಪತ್ರಿಕೆಯ ಹಳೆಯ ಸಂಚಿಕೆಗಳಿಂದಲೇ ಉತ್ತರ ಹೇಳುವುದು ನನಗೆ ಸರಿಯೆನಿಸುತ್ತದೆ. ಆ ಊರು ನನಗೆ ಸ್ವಲ್ಪವಾದರೂ ಅರ್ಥವಾದದ್ದು ಅವುಗಳಿಂದಲೇ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ಜೇಮ್ಸ್ ಮೆರೆಡಿತ್ ಮಿಸಿಸಿಪಿಯಲ್ಲೇ ಹುಟ್ಟಿ ಬೆಳೆದವರು, ಒಂಬತ್ತು ವರ್ಷ ಅಮೆರಿಕದ ವಾಯುಪಡೆಯಲ್ಲಿ ದುಡಿದವರು. ತಮ್ಮ ರಾಜ್ಯದ ವಿಶ್ವವಿದ್ಯಾಲಯಕ್ಕೆ ಅವರು ಅರ್ಜಿ ಹಾಕಿದ್ದು 1961ರ ಜನವರಿಯಲ್ಲಿ. ಶಾಲೆಗಳಲ್ಲಿ ವರ್ಣದ ಆಧಾರದ ಮೇಲೆ ಮಕ್ಕಳನ್ನು ಬೇರೆಯಿಡುವುದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 1954ರಲ್ಲೇ ತೀರ್ಪು ಕೊಟ್ಟಿದ್ದರೂ ಅವರ ಅರ್ಜಿ ತಿರಸ್ಕೃತವಾಯಿತು. ಮೊಕದ್ದಮೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಹತ್ತಿ ಕೊನೆಗೆ ಅವರ ಪರವಾಗಿ ಮುಗಿದಾಗ ಗವರ್ನರ್ ರಾಸ್ ಬಾರ್ನೆಟ್ ತಾವೇ ಅಡ್ಡ ನಿಂತರು. 1962ರ ಸೆಪ್ಟೆಂಬರ್ 30ರ ಭಾನುವಾರ ಸಂಜೆ ಮೆರೆಡಿತ್ ಅವರನ್ನು ಕ್ಯಾಂಪಸ್ಸಿಗೆ ಕರೆತಂದ ಫೆಡರಲ್ ಮಾರ್ಷಲ್‌ಗಳು, ಎಂದರೆ ಕೇಂದ್ರ ಸರ್ಕಾರದ ಕಾನೂನು ಪಾಲಕರು, ಲೈಸಿಯಂ ಎಂಬ ಆಡಳಿತ ಕಟ್ಟಡದ ಸುತ್ತ ಸಾಲುಗಟ್ಟಿ ನಿಂತರು. ಅಧ್ಯಕ್ಷ ಕೆನಡಿ ಟಿವಿಯಲ್ಲಿ ಶಾಂತಿಗಾಗಿ ಮನವಿ ಮಾಡುತ್ತಿದ್ದ ಹೊತ್ತಿನಲ್ಲೇ ಇಟ್ಟಿಗೆ, ಬಾಟಲಿ, ಬೆಂಕಿ, ಆಮೇಲೆ ಗುಂಡು. ಬೆಳಗಾಗುವುದರೊಳಗೆ ಫ್ರೆಂಚ್ ಸುದ್ದಿಸಂಸ್ಥೆಯ ವರದಿಗಾರ ಪಾಲ್ ಗಿಹಾರ್ ಮತ್ತು ಸ್ಥಳೀಯನಾದ ರೇ ಗಂಟರ್ ಎಂಬ ಕಸುಬುದಾರ ಸತ್ತಿದ್ದರು, 160ಕ್ಕೂ ಹೆಚ್ಚು ಮಾರ್ಷಲ್‌ಗಳು ಗಾಯಗೊಂಡಿದ್ದರು. ಅಕ್ಟೋಬರ್ 1ರ ಬೆಳಿಗ್ಗೆ ಮೆರೆಡಿತ್ ಅದೇ ಲೈಸಿಯಂನೊಳಗೆ ಹೋಗಿ ಹೆಸರು ನೋಂದಾಯಿಸಿದರು. ಆ ಕಟ್ಟಡದ ಬಾಗಿಲ ಬಳಿ ಗುಂಡು ತಗುಲಿದ ಗುರುತು ಈಗಲೂ ಇದೆ. ಯಾರಾದರೂ ತೋರಿಸದಿದ್ದರೆ ಕಣ್ಣಿಗೆ ಬೀಳುವುದಿಲ್ಲ.

ಅದೇ ಅಕ್ಟೋಬರ್ 1ರಂದು ವಿದ್ಯಾರ್ಥಿ ಪತ್ರಿಕೆ 'ಮಿಸಿಸಿಪಿಯನ್' ಕೂಡ ಹೊರಬಂತು. ಸಂಪಾದಕಿ ಸಿಡ್ನಾ ಬ್ರೋವರ್ ನಮ್ಮ ಮೆಂಫಿಸ್‌ನವರು, ಪದವಿಯ ಕೊನೆಯ ವರ್ಷದಲ್ಲಿದ್ದ ಹುಡುಗಿ. ಹಿಂಸೆಯಿಂದ ಪ್ರಯೋಜನವಿಲ್ಲ ಎಂಬರ್ಥದ ತಲೆಬರಹದಲ್ಲಿ ಅವರು ಇಡೀ ವಿದ್ಯಾರ್ಥಿ ಸಮೂಹಕ್ಕೆ ಒಂದು ಮನವಿ ಬರೆದಿದ್ದರು. ಗಲಭೆಗೆ ಇಳಿದವರು ತಮ್ಮ ಓದನ್ನು ಕಳೆದುಕೊಳ್ಳುವ ಅಪಾಯವನ್ನು ತಂದುಕೊಳ್ಳುವುದಲ್ಲದೆ ವಿಶ್ವವಿದ್ಯಾಲಯಕ್ಕೂ ರಾಜ್ಯಕ್ಕೂ ಅವಮಾನ ತರುತ್ತಿದ್ದಾರೆ ಎಂಬುದು ಅದರ ಸಾರ.

ನಾನು ಗ್ರಂಥಾಲಯದಲ್ಲಿ ಮೈಕ್ರೋಫಿಲ್ಮ್ ಯಂತ್ರದ ಮುಂದೆ ಕುಳಿತು ಅದನ್ನು ಮೊದಲ ಬಾರಿಗೆ ಓದಿದಾಗ ನಿರಾಸೆಯಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಸುರುಳಿಯನ್ನು ಕೈಯಿಂದ ತಿರುಗಿಸುತ್ತ, ಬೂದು ಬಣ್ಣದ ಪುಟಗಳು ಸರ್ರನೆ ಸರಿದು ಹೋಗುವುದನ್ನು ನೋಡುತ್ತ, ಆ ದಿನಾಂಕ ಬಂದಾಗ ಕೈ ತಡೆದು, ಏನೋ ಸಿಡಿಲಿನಂಥ ಮಾತು ಸಿಗುತ್ತದೆಂದು ಕಾದಿದ್ದೆ. ಸಿಕ್ಕಿದ್ದು ಅಳೆದು ತೂಗಿ ಬರೆದ ಕೆಲವು ಸಾಲುಗಳು. ಮೆರೆಡಿತ್‌ಗೆ ಅಲ್ಲಿ ಓದುವ ಹಕ್ಕಿದೆಯೆಂದು ಅವು ವಾದಿಸುವುದಿಲ್ಲ. ಕಲ್ಲೆಸೆಯಬೇಡಿ, ಮನೆಯ ಮಾನ ಕಳೆಯಬೇಡಿ ಎನ್ನುತ್ತವೆ, ಅಷ್ಟೆ. ಇಷ್ಟಕ್ಕೆ ಇವರನ್ನು ಇಷ್ಟೊಂದು ಹೊಗಳುತ್ತಾರೆಯೇ ಅನ್ನಿಸಿತ್ತು.

ಮುಂದಿನ ತಿಂಗಳುಗಳನ್ನು ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಆ ಅಳೆದು ತೂಗಿದ ಸಾಲುಗಳಿಗೇ ಕ್ಯಾಂಪಸ್ ಕೆರಳಿತ್ತು. ಬರೆದವರ ಹೆಸರಿಲ್ಲದ 'ರೆಬೆಲ್ ಅಂಡರ್‌ಗ್ರೌಂಡ್' ಎಂಬ ಕರಪತ್ರ ಹಾಸ್ಟೆಲ್‌ಗಳಲ್ಲಿ ಹರಿದಾಡಿ ಮೆರೆಡಿತ್ ಅವರನ್ನೂ ಅವರೊಂದಿಗೆ ಮರ್ಯಾದೆಯಿಂದ ನಡೆದುಕೊಂಡವರನ್ನೂ ಸಂಪಾದಕಿಯನ್ನೂ ಬಾಯಿಗೆ ಬಂದಂತೆ ಬೈಯುತ್ತಿತ್ತು. ಡಿಸೆಂಬರ್‌ನಲ್ಲಿ ವಿದ್ಯಾರ್ಥಿ ಸೆನೆಟ್ ಎಂಬ ವಿದ್ಯಾರ್ಥಿ ಪ್ರತಿನಿಧಿಗಳ ಸಭೆ, ಸಂಕಟದ ಹೊತ್ತಿನಲ್ಲಿ ಸಹಪಾಠಿಗಳ ಹಕ್ಕುಗಳನ್ನು ಎತ್ತಿಹಿಡಿಯಲಿಲ್ಲವೆಂಬ ಕಾರಣಕೊಟ್ಟು ಬ್ರೋವರ್ ವಿರುದ್ಧ ಖಂಡನಾ ನಿರ್ಣಯ ಮಾಡಿತು. ಕಲ್ಲೆಸೆದವರ ಮೇಲಲ್ಲ, ಕಲ್ಲೆಸೆಯಬೇಡಿ ಎಂದವಳ ಮೇಲೆ ನಿರ್ಣಯ. ಅತ್ತ ಅದೇ ಬರಹಗಳಿಗಾಗಿ ಅವರ ಹೆಸರು ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಗೌರವವಾದ ಪುಲಿಟ್ಜರ್ ಪ್ರಶಸ್ತಿಗೆ ಸೂಚಿತವಾಯಿತು. ಸೆನೆಟ್ ತನ್ನ ನಿರ್ಣಯವನ್ನು ಹಿಂತೆಗೆದುಕೊಂಡದ್ದು 2002ರಲ್ಲಿ, ನಲವತ್ತು ವರ್ಷಗಳ ನಂತರ. ಒಂದು ಮಾತು ಎಷ್ಟು ಧೈರ್ಯದ್ದೆಂದು ತಿಳಿಯಬೇಕಾದರೆ ಅದನ್ನು ಆಡಿದ ದಿನ ಆ ಅಂಗಳದಲ್ಲಿ ಉಳಿದವರು ಏನು ಆಡುತ್ತಿದ್ದರು ಎಂಬುದನ್ನೂ ಓದಬೇಕು. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಆ ಒಂದು ದಿನದ ಸಂಚಿಕೆ ಓದಿ ಎದ್ದು ಬರಬೇಡಿ.

ಓದುವಾಗ ಆ ಪುಟಗಳಲ್ಲಿ ಇಲ್ಲದ್ದನ್ನೂ ಗಮನಿಸಿ. ಬರೆದವರು ಹೆಚ್ಚುಕಡಿಮೆ ಎಲ್ಲ ಬಿಳಿಯರು, ಓದಿದ ವಿದ್ಯಾರ್ಥಿಗಳಲ್ಲಿ ಕಪ್ಪು ವರ್ಣದವರು ಮೆರೆಡಿತ್ ಒಬ್ಬರೇ. ಆ ಒಬ್ಬರ ರಾತ್ರಿಗಳು ಹೇಗಿದ್ದವು ಎಂಬುದನ್ನು ತಿಳಿಯಲು ನಾನು ಬೇರೆ ಕಡೆ ಹುಡುಕಬೇಕಾಯಿತು. ಬ್ಯಾಕ್ಸ್‌ಟರ್ ಹಾಲ್ ಎಂಬ ಹಾಸ್ಟೆಲ್‌ನಲ್ಲಿ ಅವರ ಕೋಣೆಯ ಮೇಲಿನ ಮಹಡಿಯಲ್ಲಿದ್ದ ಹುಡುಗರು ರಾತ್ರಿಯಿಡೀ ಬಾಸ್ಕೆಟ್‌ಬಾಲ್ ಪುಟಿಸುತ್ತಿದ್ದರಂತೆ. ಊಟದ ಹಾಲ್‌ನಲ್ಲಿ ಅವರು ಕುಳಿತರೆ ಅಕ್ಕಪಕ್ಕದವರು ಬೆನ್ನು ತಿರುಗಿಸುತ್ತಿದ್ದರು, ಅವರೊಂದಿಗೆ ಕುಳಿತು ಉಂಡ ಬೆರಳೆಣಿಕೆಯ ಬಿಳಿಯ ವಿದ್ಯಾರ್ಥಿಗಳೂ ಕಿರುಕುಳ ಅನುಭವಿಸಿದರು. ಇದನ್ನು ಓದಿದ ಕನ್ನಡಿಗರಿಗೆ ಪಂಕ್ತಿಭೇದ ಎಂಬ ಪದ ತಾನಾಗಿಯೇ ನೆನಪಾಗುತ್ತದೆ. ನನ್ನ ತಾಯಿಯ ಊರಿನ ಹೋಟೆಲಿನ ಹಿಂಗೋಡೆಯ ಗೂಟದಲ್ಲಿ ಕೆಲವರಿಗೆಂದೇ ಬೇರೆ ಲೋಟ ತೂಗುಹಾಕಿದ್ದನ್ನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡ ನನಗೆ, ಮಿಸಿಸಿಪಿಯ ಆ ಊಟದ ಹಾಲ್ ಪರಕೀಯವೆಂದು ಹೇಳಿಕೊಳ್ಳಲು ಬಾಯಿ ಬರಲಿಲ್ಲ. ಅಲ್ಲಿನವರ ಮೇಲೆ ಸುಲಭವಾಗಿ ತೀರ್ಪು ಕೊಡುವ ಮುನ್ನ ನೀವೂ ಇದನ್ನು ನೆನೆಯಬೇಕೆಂದು ಕೇಳಿಕೊಳ್ಳುತ್ತೇನೆ. ಮೆರೆಡಿತ್ 1963ರ ಆಗಸ್ಟ್ 18ರಂದು ಪದವಿ ಪಡೆದು ಹೊರಬಂದರು. ಅಲ್ಲಿಯವರೆಗೂ ಮಾರ್ಷಲ್‌ಗಳ ಕಾವಲು ಇತ್ತು.

ಇದಕ್ಕೂ ನಮಗೂ ಏನು ಸಂಬಂಧವೆಂದು ನಿಮ್ಮ ತಂದೆಯವರು ಕೇಳಬಹುದು. 1946ರ ಕಾನೂನಿನ ಪ್ರಕಾರ ವರ್ಷಕ್ಕೆ ಕೇವಲ 100 ಮಂದಿ ಭಾರತೀಯರು ಇಲ್ಲಿಗೆ ವಲಸೆ ಬರಬಹುದಾಗಿತ್ತು. ಹುಟ್ಟಿದ ದೇಶವನ್ನು ನೋಡಿ ಅಳೆಯುವ ಆ ಪದ್ಧತಿಯನ್ನು ಕಿತ್ತುಹಾಕಿದ್ದು 1965ರ ಅಕ್ಟೋಬರ್‌ನ ವಲಸೆ ಕಾನೂನು. ಅದು ಬಂದದ್ದು 1964ರ ನಾಗರಿಕ ಹಕ್ಕುಗಳ ಕಾನೂನಿನ ಬೆನ್ನಿಗೆ, ವರ್ಣವನ್ನು ನೋಡಿ ಬಾಗಿಲು ಮುಚ್ಚುವುದು ತಪ್ಪೆಂದು ಕಪ್ಪು ಜನರು ಈ ದೇಶಕ್ಕೆ ಒಪ್ಪಿಸಿದ ಮೇಲೆ. ನಮ್ಮ ಕನ್ನಡ ಕೂಟಗಳಲ್ಲಿ ಡಾಕ್ಟರು, ಎಂಜಿನಿಯರುಗಳ ಪರಿಶ್ರಮವನ್ನು ಕುರಿತು ಬಹಳ ಭಾಷಣ ಕೇಳಿದ್ದೇನೆ. ಈ ಋಣದ ಮಾತು ಮಾತ್ರ ಅಪರೂಪ. ಅದು ನನಗೆ ನಿಜವಾಗಿ ನೋವಿನ ವಿಷಯ. ಕಪ್ಪು ಜನರ ಬಡಾವಣೆಗೆ ಹೋಗಬೇಡಿ ಎಂದು ಹೊಸದಾಗಿ ಬಂದವರಿಗೆ ನಮ್ಮವರೇ ಹೇಳಿಕೊಡುವುದನ್ನೂ ನೀವು ಕೇಳುತ್ತೀರಿ. ದಯವಿಟ್ಟು ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಈಗಿನ ಊರು ಹೇಗಿದೆ ಎಂದರೆ, ಬಹುಪಾಲು ಜನ ಬಾಗಿಲು ಹಿಡಿದು ನಿಂತು ನಿಮ್ಮನ್ನು ಮೊದಲು ಒಳಗೆ ಬಿಡುವಷ್ಟು ಸೌಜನ್ಯದವರು. ಫೋನಿನಲ್ಲಿ ಖಾಲಿಯಿದ್ದ ಬಾಡಿಗೆ ಮನೆ ನನ್ನ ಮುಖ ಕಂಡೊಡನೆ ಭರ್ತಿಯಾದದ್ದೂ ಒಮ್ಮೆ ಉಂಟು. ಲೈಸಿಯಂಗೂ ಗ್ರಂಥಾಲಯಕ್ಕೂ ನಡುವೆ, ತೆರೆದ ದ್ವಾರದ ಕಡೆಗೆ ಹೆಜ್ಜೆ ಹಾಕುತ್ತಿರುವ ಮೆರೆಡಿತ್ ಅವರ ಪ್ರತಿಮೆಯನ್ನು 2006ರಲ್ಲಿ ನಿಲ್ಲಿಸಿದರು. 2014ರಲ್ಲಿ ಯಾರೋ ವಿದ್ಯಾರ್ಥಿಗಳು ರಾತ್ರಿ ಬಂದು ಅದರ ಕುತ್ತಿಗೆಗೆ ಕುಣಿಕೆ ಹಾಕಿದರು. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಲು ಹೊರಟ ದಕ್ಷಿಣದ ರಾಜ್ಯಗಳ ಪರ ಕಾದಾಡಿದ ಬಂಡಾಯ ಸೈನಿಕನ ಸ್ಮಾರಕವನ್ನು ಕ್ಯಾಂಪಸ್ಸಿನ ಮುಂಭಾಗದಿಂದ ತೆಗೆಯಬೇಕೆಂದು 2019ರ ಮಾರ್ಚ್‌ನಲ್ಲಿ ವಿದ್ಯಾರ್ಥಿ ಸೆನೆಟ್ ಒಮ್ಮತದಿಂದ ಗೊತ್ತುವಳಿ ಮಾಡಿತು, 2020ರ ಜುಲೈನಲ್ಲಿ ಅದನ್ನು ಕ್ಯಾಂಪಸ್ಸಿನ ಸ್ಮಶಾನದ ಕಡೆಗೆ ಸ್ಥಳಾಂತರಿಸಿದರು. ಬ್ರೋವರ್ ಅವರನ್ನು ಖಂಡಿಸಿದ ಸೆನೆಟ್ಟೂ ಇದೇ ಎಂಬುದನ್ನು ಮರೆಯದಿರಿ. ಅದೇ ಪತ್ರಿಕೆ ಇಂದು 'ಡೈಲಿ ಮಿಸಿಸಿಪಿಯನ್'.

ನೀವು ಅದರಲ್ಲಿ ಬರೆಯಬಹುದೇ? ಖಂಡಿತ ಬರೆಯಬಹುದು, ಬರೆಯಬೇಕು ಕೂಡ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ತರಗತಿಗಳು ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ಸಂಬಳದ ಕೆಲಸ ಮಾಡಬಹುದು. ಸೇರಿಕೊಳ್ಳುವ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕಾಗದಪತ್ರ ಸರಿಮಾಡಿಸಿಕೊಳ್ಳಿ. ಆದರೆ ಅಕ್ಕನಾಗಿ ಇನ್ನೊಂದನ್ನೂ ಹೇಳಬೇಕು. ಮ್ಯಾಸಚೂಸೆಟ್ಸ್‌ನ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ತುರ್ಕಿಯ ವಿದ್ಯಾರ್ಥಿನಿಯೊಬ್ಬರು ಗಾಜಾ ವಿಷಯವಾಗಿ ವಿದ್ಯಾರ್ಥಿ ಪತ್ರಿಕೆಗೆ ಮೂವರ ಜೊತೆ ಸೇರಿ ಒಂದು ಅಭಿಪ್ರಾಯ ಲೇಖನ ಬರೆದಿದ್ದರು. ಅದಾಗಿ ಒಂದು ವರ್ಷಕ್ಕೆ, 2025ರ ಮಾರ್ಚ್‌ನಲ್ಲಿ, ವಲಸೆ ಅಧಿಕಾರಿಗಳು ಅವರನ್ನು ಬೀದಿಯಲ್ಲೇ ಹಿಡಿದು ಲೂಯಿಸಿಯಾನಾಕ್ಕೆ ಸಾಗಿಸಿದರು. ನ್ಯಾಯಾಲಯದ ಆದೇಶದ ಮೇಲೆ ಬಿಡುಗಡೆಯಾಗುವಷ್ಟರಲ್ಲಿ ಆರು ವಾರ ಕಳೆದಿತ್ತು. ಹೀಗಾಗಿ ಮೊದಲ ವರ್ಷ ವರದಿಗಾರಿಕೆಯನ್ನು ಹಿಡಿಯಿರಿ ಎಂಬುದು ನನ್ನ ಸಲಹೆ. ಕೌಂಟಿಯ, ಎಂದರೆ ನಮ್ಮ ಜಿಲ್ಲೆಯಂಥ ಆಡಳಿತದ, ಸಭೆಗೆ ಹೋಗಿ, ಬಾಡಿಗೆ ಏರಿಕೆಯ ಬಗ್ಗೆ ಬರೆಯಿರಿ, ಕ್ಯಾಂಪಸ್ಸಿನ ಅಡುಗೆಮನೆಗಳಲ್ಲಿ ದುಡಿಯುವವರನ್ನು ಮಾತನಾಡಿಸಿ. ಅಭಿಪ್ರಾಯ ಬರೆಯುವ ದಿನ ಬಂದಾಗ ಪ್ರತಿ ವಾಕ್ಯವನ್ನೂ ಎರಡು ಸಲ ತೂಗಿ ನಿಮ್ಮ ಹೆಸರು ಹಾಕಿಯೇ ಬರೆಯಿರಿ. 1962ರಲ್ಲಿ ಹೆಸರಿಲ್ಲದೆ ಹಂಚಿದ ಆ ಕರಪತ್ರದ ಲೇಖಕರನ್ನು ಇಂದು ಯಾರೂ ಹುಡುಕಿಕೊಂಡು ಹೋಗುವುದಿಲ್ಲ.

ಮೆಂಫಿಸ್ ವಿಮಾನ ನಿಲ್ದಾಣದಿಂದ ಆಕ್ಸ್‌ಫರ್ಡಿಗೆ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ನಿಮ್ಮ ವಿಮಾನ ಬರುವ ದಿನ ತಿಳಿಸಿದರೆ ನಾನೇ ಬಂದು ಕರೆದೊಯ್ಯುತ್ತೇನೆ. ತಂದೆಯವರಿಗೆ ಚಿಂತೆ ಬೇಡವೆಂದು ಹೇಳಿ. ಸಾಮಾನು ಇಳಿಸಿ, ಅನ್ನ ಸಾರು ಉಂಡು, ಮಾರನೆಯ ದಿನ ಗ್ರಂಥಾಲಯಕ್ಕೆ ಹೋಗೋಣ. ಅಕ್ಟೋಬರ್ 1ರ ಸಂಚಿಕೆಯಿಂದ ಶುರುಮಾಡಿ ಡಿಸೆಂಬರ್‌ನವರೆಗೆ ಒಟ್ಟಿಗೆ ಓದೋಣ.

ನಿಮ್ಮ ಅಕ್ಕ,
ಮೆಂಫಿಸ್‌ನಿಂದ