ನಾಲ್ಕೇ ಬಣ್ಣದಲ್ಲಿ ಮುಖ

ಪ್ರಶ್ನೆ: ಯೆಲ್ಲೋ ಓಕರ್, ಕ್ಯಾಡ್ಮಿಯಂ ರೆಡ್, ಐವರಿ ಬ್ಲ್ಯಾಕ್, ಟೈಟೇನಿಯಂ ವೈಟ್ ಇಷ್ಟರಲ್ಲೇ ತೈಲವರ್ಣದ ಭಾವಚಿತ್ರ ಬರೆಯುತ್ತಿದ್ದೇನೆ. ಮುಖ ಪ್ರತಿ ಸಲವೂ ಸುಣ್ಣ ಬಳಿದಂತೆ ಬಿಳಚಿಕೊಳ್ಳುತ್ತದೆ. ಬಣ್ಣ ಸಾಲದೆ ಹೀಗಾಗುತ್ತಿದೆಯೇ?

ಉತ್ತರ: ಬಣ್ಣ ಧಾರಾಳವಾಗಿದೆ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ (1860–1920) ಹೆಸರಿನಿಂದ ಕರೆಯುವ ಪ್ಯಾಲೆಟ್ (ಬಣ್ಣಗಳ ಗುಂಪು) ಇದೇ; ಕೆಂಪಿನ ಜಾಗದಲ್ಲಿ ವರ್ಮಿಲಿಯನ್, ಬಿಳಿಯ ಜಾಗದಲ್ಲಿ ಸೀಸದ ಬಿಳಿ ಇರುತ್ತಿತ್ತು, ಅಷ್ಟೆ. ಟ್ಯೂಬಿನ ಮೇಲೆ ಕ್ಯಾಡ್ಮಿಯಂ ರೆಡ್ ‘ಲೈಟ್’ ಎಂದಿದೆಯೇ ನೋಡಿ. ‘ಡೀಪ್’ ಆದರೆ ಬಿಳಿ ಸೇರಿದೊಡನೆ ಚರ್ಮ ನೇರಳೆಯತ್ತ ವಾಲುತ್ತದೆ.

ನಿಮ್ಮ ತೊಂದರೆ ಬಹುಶಃ ನೆರಳಿನಲ್ಲಿದೆ. ಟೈಟೇನಿಯಂ ಬಿಳಿ ಬಲು ಜೋರು. ತುಸು ಬಿದ್ದರೂ ಮಿಶ್ರಣ ತಿಳಿಯಾಗುವುದರ ಜೊತೆಗೆ ತಣ್ಣಗೂ (ನೀಲಿಯತ್ತ ವಾಲಿದಂತೆ) ಆಗುತ್ತದೆ. ಆದ್ದರಿಂದ ಎರಡು ಗುಡ್ಡೆ ಬೇರೆಬೇರೆ ಕಲಸಿಕೊಳ್ಳಿ. ಬೆಳಕಿನ ಭಾಗಕ್ಕೆ ಓಕರ್ ಎರಡು ಪಾಲು, ಕೆಂಪು ಒಂದು ಪಾಲು. ಇದಕ್ಕೆ ಬಿಳಿಯನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತ ಮೂರು ಹಂತ ಮಾಡಿ. ಕಪ್ಪು ಮೈಬಣ್ಣಕ್ಕೆ ಬಿಳಿ ಇನ್ನೂ ಕಡಿಮೆ ಸಾಕು. ನೆರಳಿಗೆ ಓಕರ್, ಕೆಂಪು, ಕಪ್ಪು ಮಾತ್ರ. ಬಿಳಿ ಹತ್ತಿದ ಬ್ರಷ್ಷನ್ನು ಅಲ್ಲಿಗೆ ಒಯ್ಯಲೇಬೇಡಿ, ಬೇರೆ ಬ್ರಷ್ ಇಟ್ಟುಕೊಳ್ಳಿ.

ಕಣ್ಣು ಕಿರಿದು ಮಾಡಿ ನೋಡಿದರೆ ಮುಖದ ಮೇಲೆ ಬೆಳಕು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಎನ್ನುವುದು ಸ್ಪಷ್ಟವಾಗುತ್ತದೆ. ಮೊದಲು ನೆರಳಿನ ಇಡೀ ಆಕಾರವನ್ನು ತೆಳುವಾಗಿ ತುಂಬಿ. ಕಣ್ಣುಗುಳಿ, ಮೂಗಿನಡಿ, ಗದ್ದದ ಕೆಳಗು ಒಂದಕ್ಕೊಂದು ಕೂಡಿಕೊಂಡರೂ ಚಿಂತೆಯಿಲ್ಲ. ಆಮೇಲೆ ಬೆಳಕಿನ ನಡುಹಂತ. ಹಣೆಗೆ ಓಕರ್ ಹೆಚ್ಚಿರಲಿ, ಕೆನ್ನೆ, ಮೂಗು, ಕಿವಿಗೆ ಕೆಂಪು ಹೆಚ್ಚಿರಲಿ, ಗಡ್ಡ ಬೆಳೆಯುವ ಜಾಗಕ್ಕೆ ಕಪ್ಪಿನ ಒಂದು ಸೋಂಕು. ಕಣ್ಣಿನ ಬಿಳಿಭಾಗ ನಿಜಕ್ಕೂ ಬೂದು. ಅಲ್ಲಿ ಶುದ್ಧ ಬಿಳಿ ಇಟ್ಟರೆ ಗುಡ್ಡೆ ಹೊರಕ್ಕೆ ಚಾಚಿದಂತಾಗುತ್ತದೆ. ಅಚ್ಚ ಬಿಳಿಗೆ ಹತ್ತಿರದ ಬಣ್ಣವನ್ನು ಕೊನೆಯಲ್ಲಿ, ಮೂಗಿನ ತುದಿಯ ಹೊಳಪಿನಂಥ ಎರಡು ಮೂರು ಚುಕ್ಕೆಗೆ ಮಾತ್ರ ಉಳಿಸಿಕೊಳ್ಳಿ.

ಪ್ರಶ್ನೆ: ಇದರಲ್ಲಿ ನೀಲಿ ಅಂಗಿ, ಹಸಿರು ಹಿನ್ನೆಲೆ ಬರೆಯಲಾದೀತೇ?

ಉತ್ತರ: ಹಸಿರು ಸುಲಭ: ಓಕರ್‌ಗೆ ಕಪ್ಪು ಬೆರೆತರೆ ಆಲಿವ್ ಹಸಿರು. ನೀಲಿ ಮಾತ್ರ ಕಣ್ಣಿನ ಭ್ರಮೆ. ಐವರಿ ಬ್ಲ್ಯಾಕ್ ಮತ್ತು ಬಿಳಿಯ ಬೂದು, ಕಿತ್ತಳೆ ಛಾಯೆಯ ಚರ್ಮದ ಪಕ್ಕದಲ್ಲಿ ನೀಲಿಯಾಗಿ ಕಾಣುತ್ತದೆ. ಅಂಗಿ ಕಡುನೀಲಿಯೇ ಆಗಬೇಕೆಂದರೆ ಅಲ್ಟ್ರಾಮರೀನ್ ಟ್ಯೂಬ್ ತೆರೆಯಿರಿ, ಹಟ ಬೇಡ.

ಪ್ರಶ್ನೆ: ಅಕ್ರಿಲಿಕ್‌ನಲ್ಲೂ ಇದೇ ಕ್ರಮವೇ?

ಉತ್ತರ: ಹೌದು. ಆದರೆ ಅಕ್ರಿಲಿಕ್ ಒಣಗಿದಾಗ ತುಸು ಗಾಢವಾಗುತ್ತದೆ. ಪ್ರತಿ ಮಿಶ್ರಣವನ್ನೂ ಕಾಗದದ ಚೂರಿಗೆ ಹಚ್ಚಿ, ಒಣಗಿದ ಮೇಲೆ ನೋಡಿ, ನಂತರ ಕ್ಯಾನ್ವಾಸಿಗೆ ಇಡಿ.