ಸಂಪಾದಕರ ಉತ್ತರ: ಒಪೆರಾ ಬರೆದವರು ಟ್ಯಾಂಗೊ ಏಕೆ ನುಡಿಸಿದರು?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಅರ್ಜೆಂಟೀನಾದ ಟ್ಯಾಂಗೊ ಸಂಯೋಜಕ ಆಸ್ಟರ್ ಪಿಯಾತ್ಸೋಲ್ಲಾ ಕುರಿತ ಲೇಖನ ಓದಿದೆ. ಅವರ ಕೊನೆಯ ತಂಡದಲ್ಲಿ ಪಿಯಾನೊ ನುಡಿಸಿದ ಹೆರಾರ್ದೊ ಗಂದೀನಿ ಅವರ ಹೆಸರು ಅದರಲ್ಲಿ ಒಂದೇ ಸಾಲಿಗೆ ಮುಗಿದುಹೋಗಿತ್ತು. ಹುಡುಕಿ ನೋಡಿದರೆ ಅವರು ಒಪೆರಾ, ಸೊನಾಟ ಬರೆದ ದೊಡ್ಡ ಸಂಯೋಜಕರು. ಅಂಥವರು ಐವತ್ತು ದಾಟಿದ ಮೇಲೆ ಟ್ಯಾಂಗೊ ತಂಡಕ್ಕೆ ಸೇರಿದ್ದು ಹೊಟ್ಟೆಪಾಡಿಗೋ? ಇನ್ನೊಂದು ಮಾತು. ನನ್ನ ಮಗಳು ಪಿಯಾನೊದಲ್ಲಿ ಎಂಟನೇ ಗ್ರೇಡ್ ಮುಗಿಸಿದ್ದಾಳೆ. ಪಿಯಾತ್ಸೋಲ್ಲಾ ಅವರ ರಚನೆಗಳನ್ನು ತಪ್ಪಿಲ್ಲದೆ ನುಡಿಸುತ್ತಾಳೆ, ಆದರೆ ಕೇಳಿದರೆ ಟ್ಯಾಂಗೊ ಅನ್ನಿಸುವುದಿಲ್ಲ. ಎಲ್ಲಿ ಎಡವುತ್ತಿದ್ದಾಳೆ? ಅವಳ ವಾದನವನ್ನು ಯೂಟ್ಯೂಬ್‌ಗೆ ಹಾಕಬಹುದೇ?
— ಓದುಗರು, ಮೈಸೂರು

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಹೊಟ್ಟೆಪಾಡಿಗಲ್ಲ. ಪಿಯಾತ್ಸೋಲ್ಲಾ ಅವರ ಆ ಆರು ಜನರ ತಂಡ ಬಾಳಿದ್ದೇ 1989ರ ಒಂದು ವರ್ಷದೊಳಗೆ. ಅಷ್ಟರಿಂದ ಯಾರ ಸಂಸಾರವೂ ನಡೆಯುವುದಿಲ್ಲ. ಗಂದೀನಿ (1936–2013) ಅವರ ಜೀವನ ನಡೆದದ್ದು, ಹೊಸ ಸಂಗೀತ ಬರೆಯುವ ಬಹುಪಾಲು ಜನರ ಜೀವನ ನಡೆಯುವಂತೆಯೇ, ಪಾಠ ಹೇಳಿ, ಪಿಯಾನೊ ನುಡಿಸಿ, ವಾದ್ಯವೃಂದ ನಡೆಸಿ, ಸಂಸ್ಥೆಗಳನ್ನು ಕಟ್ಟಿ, ನಡುನಡುವೆ ಸಿನಿಮಾಕ್ಕೆ ಸಂಗೀತ ಕೊಟ್ಟು. ಅರ್ಜೆಂಟೀನಾದ ರಾಕ್ ಗಾಯಕ ಫೀತೊ ಪಾಯೆಸ್ ಅವರೊಂದಿಗೂ ಅವರು ಕೆಲಸ ಮಾಡಿದ್ದಾರೆ. ಇದನ್ನು ಕೇಳಿ ನಿಮಗೆ ಇನ್ನಷ್ಟು ಬೇಸರವಾದೀತೇನೋ!

ಟ್ಯಾಂಗೊ ಒಂದು ಮೆಟ್ಟಿಲು ಕೆಳಗಿನದು ಎಂಬ ಭಾವನೆ ನಿಮ್ಮೊಬ್ಬರದಲ್ಲ. ಬ್ಯೂನಸ್ ಐರಿಸ್‌ನ ಸಂಗೀತ ಶಾಲೆಗಳಲ್ಲೂ ಅದು ಬಹುಕಾಲ ಬೇರೂರಿತ್ತು. ಟ್ಯಾಂಗೊ ಪಿಯಾನೊದ ಹಿರಿಯ ಓಸ್ವಾಲ್ದೊ ಪುಗ್ಲಿಯೇಸೆ ಆ ಊರಿನ ಒಪೆರಾ ಮಂದಿರವಾದ ತೆಯಾತ್ರೊ ಕೊಲೋನ್‌ನಲ್ಲಿ ನುಡಿಸಿದ್ದು 1985ರ ಡಿಸೆಂಬರ್‌ನಲ್ಲಿ. ಆಗ ಅವರಿಗೆ 80 ತುಂಬಿತ್ತು.

ಗಂದೀನಿ ಪಿಯಾನೊ ಕಲಿತದ್ದು ಪಿಯಾ ಸೆಬಾಸ್ತಿಯಾನಿ ಮತ್ತು ರೊಬೆರ್ತೊ ಕಾಮಾನ್ಯೊ ಅವರಲ್ಲಿ, ಸಂಯೋಜನೆ ಕಲಿತದ್ದು ಆಲ್ಬೆರ್ತೊ ಜಿನಾಸ್ತೆರಾ ಅವರಲ್ಲಿ. ಆಮೇಲೆ ರೋಮ್‌ನಲ್ಲಿ ಗೊಫ್ರೇದೊ ಪೆತ್ರಾಸ್ಸಿ ಅವರಲ್ಲಿ. ಪಿಯಾತ್ಸೋಲ್ಲಾ ಕೂಡ 1940ರ ದಶಕದಲ್ಲಿ ಇದೇ ಜಿನಾಸ್ತೆರಾ ಅವರ ಶಿಷ್ಯ. ಅಂದರೆ 1989ರಲ್ಲಿ ಸೇರಿದವರು ಅಪರಿಚಿತರಲ್ಲ, ಒಂದೇ ಗರಡಿಯಲ್ಲಿ ಪಳಗಿದ ಇಬ್ಬರು. 1960ರ ದಶಕದಲ್ಲಿ ಜಿನಾಸ್ತೆರಾ ಅವರು ದಿ ತೆಲ್ಲಾ ಸಂಸ್ಥೆಯಲ್ಲಿ ಲ್ಯಾಟಿನ್ ಅಮೆರಿಕದ ಯುವ ಸಂಯೋಜಕರಿಗಾಗಿ ಒಂದು ಕೇಂದ್ರ ನಡೆಸುತ್ತಿದ್ದರು. ಗಂದೀನಿ ಅಲ್ಲಿ ಪಾಠ ಹೇಳಿದರು. ಮೆಸಿಯಾನ್, ನೋನೊ ಅಂಥ ಯುರೋಪಿನ ಹೆಸರಾಂತ ಸಂಯೋಜಕರು ಬಂದು ಕಲಿಸಿ ಹೋದ ಜಾಗ ಅದು. ಮುಂದೆ 1990ರಲ್ಲಿ ಕೊಲೋನ್‌ನ ನೆಲಮಾಳಿಗೆಯಲ್ಲಿ ಪ್ರಯೋಗಗಳಿಗೆಂದೇ ಒಂದು ಕೇಂದ್ರ ಆರಂಭಿಸಿದರು. ಅದೇ ಮಂದಿರದ ದೊಡ್ಡ ರಂಗದ ಮೇಲೆ 1995ರಲ್ಲಿ ಅವರ ಒಪೆರಾ ‘ಲಾ ಸಿಯುದಾದ್ ಆಉಸೆಂತೆ’ ಬಂತು. ಸಾಹಿತ್ಯ ರಿಕಾರ್ದೊ ಪಿಗ್ಲಿಯಾ ಅವರದು, ತಮ್ಮದೇ ಕಾದಂಬರಿಯಿಂದ ತೆಗೆದದ್ದು.

ಇಷ್ಟು ಹೇಳಿದರೆ ಅವರ ಕೈಕೆಲಸ ಎಂಥದೆಂದು ತಿಳಿಯುವುದಿಲ್ಲ. 1984ರ ‘ಯೂಸೆಬಿಯಸ್’ ಎಂಬ ರಚನೆಯನ್ನು ಕೇಳಿ. ಶೂಮನ್ ಅವರ ಪಿಯಾನೊ ಮಾಲೆಯ ಒಂದು ಪುಟ್ಟ ತುಣುಕನ್ನು ಗಂದೀನಿ ಮುಂದಿಟ್ಟುಕೊಂಡು ಜರಡಿ ಹಿಡಿಯುತ್ತಾರೆ. ಕೆಲವು ಸ್ವರಗಳು ಉಳಿಯುತ್ತವೆ, ಉಳಿದವು ಉದುರುತ್ತವೆ, ಉಳಿದ ಸ್ವರಗಳ ನಡುವೆ ಮೌನ ಬಂದು ಕೂರುತ್ತದೆ. ಹೀಗೆ ಹುಟ್ಟಿದ ನಾಲ್ಕು ನಾಕ್ಟರ್ನ್‌ಗಳನ್ನು (ರಾತ್ರಿಯ ಭಾವದ ಪುಟ್ಟ ರಚನೆಗಳನ್ನು) ಒಬ್ಬರೇ ಒಂದಾದ ಮೇಲೊಂದು ನುಡಿಸಬಹುದು, ಇಲ್ಲವೇ ನಾಲ್ಕು ಪಿಯಾನೊಗಳಲ್ಲಿ ನಾಲ್ವರು ಒಟ್ಟಿಗೆ ನುಡಿಸಬಹುದು. ಹೊಸ ರಾಗ ಕಟ್ಟುವ ಹಟ ಅವರಿಗಿಲ್ಲ. ಇರುವ ಸಂಗೀತವನ್ನು ಅದರದೇ ಸ್ವರಗಳಿಂದ ಇನ್ನೊಂದು ಬೆಳಕಿಗೆ ತರುವುದು ಅವರ ಕಸುಬು.

ಟ್ಯಾಂಗೊದಲ್ಲಿ ಮಾಡಿದ್ದೂ ಅದನ್ನೇ. ‘ಪೋಸ್ಟ್‌ಟ್ಯಾಂಗೊ’ ಎಂದು ಕರೆದು ಅವರು ಒಬ್ಬರೇ ಕುಳಿತು ನುಡಿಸಿದ ಹಳೆಯ ಟ್ಯಾಂಗೊಗಳಲ್ಲಿ ಎಲ್ಲರಿಗೂ ಬಾಯಿಪಾಠವಾದ ಧಾಟಿ ನೇರವಾಗಿ ಬರುವುದಿಲ್ಲ. ಮೂರು ಸ್ವರ ಇಲ್ಲಿ, ನಾಲ್ಕು ಸ್ವರ ಅಲ್ಲಿ, ಕೆಳಗೆ ಬೇರೆಯದೇ ಹಾರ್ಮನಿ. ನಮ್ಮ ನೆರವಲ್‌ನಲ್ಲಿ ಸಾಹಿತ್ಯದ ಸಾಲು ತಾಳದಲ್ಲಿ ತನ್ನ ಜಾಗ ಬಿಡುವುದಿಲ್ಲ. ಇಲ್ಲಿ ಸಾಲೇ ಚೂರಾಗುತ್ತದೆ, ಕೇಳುಗರು ನೆನಪಿನಿಂದ ಜೋಡಿಸಿಕೊಳ್ಳಬೇಕು. ಆದ್ದರಿಂದ ಮೂಲ ಧಾಟಿ ಗೊತ್ತಿಲ್ಲದವರಿಗೆ ಇದು ಬರಿದೇ ಚೆದುರಿದ ಸ್ವರಗಳಂತೆ ಕೇಳುತ್ತದೆ. ಮೊದಲು ಟ್ಯಾಂಗೊ ಗಾಯಕ ಕಾರ್ಲೋಸ್ ಗಾರ್ದೆಲ್ ಹಾಡಿದ ಧ್ವನಿಮುದ್ರಣಗಳನ್ನು ಕೇಳಿಸಿಕೊಂಡು ಆಮೇಲೆ ಗಂದೀನಿ ಅವರಿಗೆ ಬನ್ನಿ. ನಮ್ಮ ಅಭಿಪ್ರಾಯದಲ್ಲಿ ಅವರ ಅತ್ಯುತ್ತಮ ಕೆಲಸ ಒಪೆರಾಗಳಲ್ಲಿಲ್ಲ, ಈ ಒಂಟಿ ಪಿಯಾನೊದಲ್ಲಿದೆ. ಒಪ್ಪದವರು ಬಹಳ ಮಂದಿ ಇರಬಹುದು.

ಆರು ಜನರ ತಂಡದ ಬಗ್ಗೆ ಒಂದು ಮಾತು, ಏಕೆಂದರೆ ಅದು ನಿಮ್ಮ ಮಗಳಿಗೂ ಉಪಯೋಗವಾಗುತ್ತದೆ. ಎರಡು ಬ್ಯಾಂಡೋನಿಯನ್ (ಎರಡು ಕೈಯಲ್ಲಿ ಹಿಡಿದು ತಿದಿ ಎಳೆದು ಒತ್ತಿ ನುಡಿಸುವ ವಾದ್ಯ), ಚೆಲ್ಲೊ, ಎಲೆಕ್ಟ್ರಿಕ್ ಗಿಟಾರ್, ಡಬಲ್ ಬಾಸ್, ಪಿಯಾನೊ. ಪಿಯಾತ್ಸೋಲ್ಲಾ ಅವರ ಹಿಂದಿನ ಐವರ ತಂಡದಲ್ಲಿದ್ದ ಪಿಟೀಲು ಇಲ್ಲಿಲ್ಲ. ಬ್ಯಾಂಡೋನಿಯನ್, ಚೆಲ್ಲೊ, ಗಿಟಾರ್ ಎಲ್ಲವೂ ನಡುಸ್ಥಾಯಿಯಲ್ಲೇ ನೂಕಾಡುತ್ತವೆ. ಅಲ್ಲಿಗೆ ಪಿಯಾನೊದ ಎರಡೂ ಕೈ ನುಗ್ಗಿದರೆ ಕೆಸರಾಗುತ್ತದೆ. ಬ್ಯಾಂಡೋನಿಯನ್ ಒಂದು ಸ್ವರವನ್ನು ಹಿಡಿದು ಉಬ್ಬಿಸಬಲ್ಲದು. ಪಿಯಾನೊ ಸ್ವರ ಹೊಡೆದ ಕ್ಷಣದಿಂದಲೇ ಸಾಯತೊಡಗುತ್ತದೆ. ಹಾಗಾಗಿ ಟ್ಯಾಂಗೊ ತಂಡದಲ್ಲಿ ಪಿಯಾನೊದ ಮೊದಲ ಕೆಲಸ ಹೊಡೆತ ಕೊಡುವುದು, ಕೆಳಗಿನ ತುದಿಯಿಂದ ತಾಳ ಮತ್ತು ಮೇಲಿನ ತುದಿಯಿಂದ ಗಂಟೆಯಂಥ ಚಿಕ್ಕ ತುಂಬುಗಳು. ಹಾಡುವುದು ಆಮೇಲೆ.

ಎಂಟನೇ ಗ್ರೇಡ್ ಮುಗಿಸಿದವರು ಎಡವುವುದು ಇಲ್ಲೇ. ಬೆರಳಲ್ಲಿ ಕೊರತೆಯಿಲ್ಲ, ಅಭ್ಯಾಸ ಅಡ್ಡ ಬರುತ್ತದೆ. ಷೋಪಾನ್ ನುಡಿಸಿದ ಬಲಗಾಲು ತಾನಾಗಿ ಪೆಡಲ್ ಮೇಲೆ ಹೋಗುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಪಿಯಾತ್ಸೋಲ್ಲಾ ಪಿಯಾನೊ ಪ್ರತಿಗಳಲ್ಲಿ ಹಲವು, ತಂಡಕ್ಕೆ ಬರೆದದ್ದನ್ನು ಬೇರೆಯವರು ಎರಡು ಕೈಗೆ ಇಳಿಸಿದ್ದು. ಕಾಗದದ ಮೇಲೆ ಸ್ವರ ಇರುತ್ತದೆ, ಹೊಡೆತ ಇರುವುದಿಲ್ಲ.

ಮೊದಲ ವಾರ ಪೆಡಲ್ ಮುಟ್ಟದೆ ಮರ್ಕಾತೊ ಒಂದನ್ನೇ ಸಾಧಿಸಲಿ. ನಾಲ್ಕು ಬೀಟ್‌ನ ಬಾರ್, ಎಡಗೈಯಲ್ಲಿ ಆಕ್ಟೇವ್, ಪ್ರತಿ ಬೀಟ್‌ಗೂ ಒಂದು ಹೊಡೆತ, 1 ಮತ್ತು 3 ತೂಕವಾಗಿ. ಪ್ರತಿ ಸ್ವರವೂ ಬೀಟ್‌ನ ಅರ್ಧಕ್ಕೆ ಮುಗಿಯಬೇಕು. ಮೆಟ್ರೊನೋಮ್ 60ಕ್ಕೆ ಇಟ್ಟು ಶುರು ಮಾಡಲಿ. ಅಷ್ಟು ನಿಧಾನದಲ್ಲಿ ಸ್ವರವನ್ನು ಗಿಡ್ಡವಾಗಿ ನಿಲ್ಲಿಸುವುದು ವೇಗದಲ್ಲಿ ನಿಲ್ಲಿಸುವುದಕ್ಕಿಂತ ಕಷ್ಟ, ಅದಕ್ಕೇ ಅಲ್ಲಿಂದ ಶುರು.

ಅದು ಕೂತ ಮೇಲೆ ಸಿಂಕೋಪ, ಅಂದರೆ ಒತ್ತನ್ನು ಬೀಟ್‌ನಿಂದ ಆಚೆ ಸರಿಸುವುದು. ಬಾರನ್ನು ಎಂಟು ಕ್ವೇವರ್‌ಗಳಾಗಿ (ಅರ್ಧ ಬೀಟ್‌ಗಳಾಗಿ) ಎಣಿಸಿ, 1, 2, 4ನೆಯದರ ಮೇಲೆ ಹೊಡೆದು, ಒತ್ತು 2ರ ಮೇಲೆ ಇಡಬೇಕು. ಮಕ್ಕಳು ಒತ್ತನ್ನು 1ಕ್ಕೆ ಎಳೆದುಕೊಂಡು ಬರುತ್ತಾರೆ, ಆಗ ಅದು ಮೆರವಣಿಗೆಯ ಬ್ಯಾಂಡ್ ಆಗುತ್ತದೆ. ಪಿಯಾತ್ಸೋಲ್ಲಾ ಅವರ ಮುದ್ರೆಯಾದ 3–3–2 ಮಾತ್ರ ನಮ್ಮವರಿಗೆ ಸಲೀಸು. ಬಾಯಲ್ಲಿ ‘ತಕಿಟ ತಕಿಟ ತಕ’ ಹೇಳಿಕೊಂಡು ಪ್ರತಿ ‘ತ’ಕ್ಕೂ ಎಡಗೈ ಹಾಕಿದರೆ ಹತ್ತು ನಿಮಿಷದಲ್ಲಿ ಬರುತ್ತದೆ. ಆದರೆ ಕೊನೆಯ ‘ತಕ’ವನ್ನು ಅವಸರ ಮಾಡಬಾರದು. ಮಾಡಿದರೆ ಮುಂದಿನ ಬಾರ್ ಮೊದಲೇ ಬಂದುಬಿಡುತ್ತದೆ.

ನಿಜವಾಗಿ ಹೊತ್ತು ಹಿಡಿಯುವುದು ಅರಾಸ್ತ್ರೆ, ಅಂದರೆ ಬಾರಿನ ಮೊದಲ ಹೊಡೆತದೊಳಕ್ಕೆ ಸ್ವರವನ್ನು ಎಳೆದು ತರುವುದು. ಹಿಂದಿನ ಬಾರಿನ 4ನೇ ಬೀಟ್‌ನ ದ್ವಿತೀಯಾರ್ಧದಲ್ಲಿ ಎಡಗೈ ಪಿಯಾನೊದ ಕೆಳತುದಿಯಿಂದ ಮೂರು ನಾಲ್ಕು ಪಕ್ಕಪಕ್ಕದ ಸ್ವರಗಳನ್ನು ಸವರುತ್ತಾ, ದನಿ ಏರಿಸುತ್ತಾ, ಸರಿಯಾಗಿ 1ಕ್ಕೆ ಮೂಲಸ್ವರದ ಮೇಲೆ ಬಿದ್ದು ತಟ್ಟನೆ ನಿಲ್ಲಬೇಕು. ಪೆಡಲ್‌ಗೆ ಇಲ್ಲಿ ಜಾಗವಿದೆ: ಎಳೆತದ ಆರಂಭಕ್ಕೆ ಒತ್ತು, 1ಕ್ಕೆ ಬಿಡು. ಕೆಡುವುದು ಎರಡು ರೀತಿ. ಸ್ವರಗಳನ್ನು ಬೆರಳಿನಿಂದ ಬಿಡಿಬಿಡಿಯಾಗಿ ನುಡಿಸಿದರೆ ಬರೋಕ್ ಅಲಂಕಾರದಂತೆ ಮುದ್ದಾಗಿ ಕೇಳುತ್ತದೆ. ತೂಕ ಮುಂಗೈಯಿಂದ ಬರಬೇಕು, ಸ್ವರಗಳು ಒಂದಕ್ಕೊಂದು ಅಂಟಿರಬೇಕು. ತಡವಾಗಿ ಶುರು ಮಾಡಿದರೆ 1 ಹಿಂದೆ ಬೀಳುತ್ತದೆ, ಇಡೀ ತಂಡ ಕುಂಟುತ್ತದೆ. ಇದನ್ನು ಕಿವಿಯಿಂದ ಕಲಿಯಲು ಪುಗ್ಲಿಯೇಸೆ ಅವರ 1946ರ ‘ಲಾ ಯುಂಬಾ’ ಸಾಕು. ಅಲ್ಲಿ 1 ಮತ್ತು 3ಕ್ಕೆ ಇಡೀ ತಂಡ ಎಳೆದು ಹೊಡೆಯುತ್ತದೆ, 2 ಮತ್ತು 4ಕ್ಕೆ ಪಿಯಾನೊದ ತಳದಿಂದ ಒಂದು ಮಂದ್ರದ ಗುದ್ದು.

ಬಲಗೈಗೆ ಬಂದರೆ ಫ್ರಸೇಯೊ. ಬರೆದಿರುವ ಧಾಟಿ ಸಮಸಮವಾದ ಕ್ವೇವರ್‌ಗಳಲ್ಲಿ ಇರುತ್ತದೆ, ಯಾರೂ ಹಾಗೆ ನುಡಿಸುವುದಿಲ್ಲ. ಸಾಲಿನ ಮೊದಲ ಸ್ವರಗಳನ್ನು ಸ್ವಲ್ಪ ಜಗ್ಗಿ, ಕೊನೆಯವನ್ನು ಒತ್ತಿ ಓಡಿಸಿ, ಸಾಲಿನ ಕೊನೆಗೆ ಎಡಗೈಯೊಂದಿಗೆ ಕೂಡಿಕೊಳ್ಳಬೇಕು. ಎಡಗೈ ಮಾತ್ರ ಗಡಿಯಾರ. ಬಲಗೈ ಜೊತೆಗೆ ಅದೂ ಬಾಗಿತೋ, ಟ್ಯಾಂಗೊ ಮುಗಿಯಿತು, ರೊಮ್ಯಾಂಟಿಕ್ ನಾಕ್ಟರ್ನ್ ಶುರುವಾಯಿತು. ನಿಮ್ಮ ಮಗಳ ಮುಖ್ಯ ತೊಂದರೆ ಇದೇ ಎಂಬುದು ನಮ್ಮ ಅನುಮಾನ. ಎಡಗೈಯನ್ನು ಫೋನ್‌ನಲ್ಲಿ ಬೇರೆಯಾಗಿ ರೆಕಾರ್ಡ್ ಮಾಡಿ, ಅದರ ಮೇಲೆ ಬಲಗೈ ನುಡಿಸಲಿ. ರೆಕಾರ್ಡ್ ಬಾಗುವುದಿಲ್ಲವಲ್ಲ.

ಮುಂದೆ ಇದನ್ನೇ ಓದಬೇಕೆಂದರೆ ಬ್ಯೂನಸ್ ಐರಿಸ್ ಪಕ್ಕದ ಆವೆಯಾನೇದಾದ ಜನಪ್ರಿಯ ಸಂಗೀತ ಶಾಲೆಯಲ್ಲಿ ಟ್ಯಾಂಗೊ ಕಲಿಸುತ್ತಾರೆ, ಪಾಠ ಸ್ಪ್ಯಾನಿಷ್‌ನಲ್ಲಿ. ಯುರೋಪಿನಲ್ಲಿ ರಾಟರ್‌ಡ್ಯಾಮ್‌ನ ಕೊಡಾರ್ಟ್ಸ್ ಕಲಾಶಾಲೆ. ಅಲ್ಲಿಯ ಟ್ಯಾಂಗೊ ವಿಭಾಗವನ್ನು ಬಹಳ ಕಾಲ ನಡೆಸಿದ ಗುಸ್ತಾವೊ ಬೆಯ್ಟೆಲ್ಮನ್ ಕೂಡ ಸಂಯೋಜಕ-ಪಿಯಾನೊ ವಾದಕರೇ, ಪಿಯಾತ್ಸೋಲ್ಲಾ ಜೊತೆ 1977ರಲ್ಲಿ ನುಡಿಸಿದವರು.

ಯೂಟ್ಯೂಬ್ ಪ್ರಶ್ನೆ. ಭಾರತದಲ್ಲಿ ಸಂಯೋಜಕರು ತೀರಿಕೊಂಡ 60 ವರ್ಷಗಳವರೆಗೆ, ಅರ್ಜೆಂಟೀನಾದಲ್ಲಿ 70 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. ಗಾರ್ದೆಲ್ ಮತ್ತು ಅವರಿಗೆ ಸಾಹಿತ್ಯ ಬರೆದ ಆಲ್ಫ್ರೆದೊ ಲೆ ಪೆರಾ ಇಬ್ಬರೂ 1935ರಲ್ಲಿ ಒಂದೇ ವಿಮಾನ ಅಪಘಾತದಲ್ಲಿ ಸತ್ತರು. ಅವರಿಬ್ಬರ ಹಾಡುಗಳು ಎರಡೂ ದೇಶಗಳಲ್ಲಿ ಮುಕ್ತ. ಪಿಯಾತ್ಸೋಲ್ಲಾ ತೀರಿಕೊಂಡದ್ದು 1992ರಲ್ಲಿ, ಆದ್ದರಿಂದ ಇಲ್ಲಿ 2052ರ ಕೊನೆಯವರೆಗೂ ಹಕ್ಕು ಇದೆ. ಇದ್ದದ್ದನ್ನು ಇದ್ದಂತೆ ನುಡಿಸಿ ಹಾಕಿದರೆ ಸಾಮಾನ್ಯವಾಗಿ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ, ಇಲ್ಲವೇ ವಿಡಿಯೊ ತಡೆಹಿಡಿಯುತ್ತಾರೆ. ಗಂದೀನಿ ಅವರಂತೆ ಒಡೆದು ಕಟ್ಟಿ ಹೊಸ ರೂಪ ಕೊಟ್ಟು ಪ್ರಕಟಿಸಲು ಪ್ರಕಾಶಕರ ಒಪ್ಪಿಗೆ ಬೇಕು. ಹಾಗಾಗಿ ಒಡೆಯುವ ಅಭ್ಯಾಸವನ್ನು ಅವಳು ಗಾರ್ದೆಲ್ ಮೇಲೆಯೇ ಶುರು ಮಾಡಲಿ.